ಹಿಗಿನ್ಸ್ ಭಾಗವತರು
(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಸಂಗೀತಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ಯಾರಾದರೊಬ್ಬ ಸಂಗೀತಾಚಾರ್ಯರ ಜೀವನವನ್ನು ಕುರಿತು ಮಾತನಾಡಬೇಕೆಂದು ಸನ್ನಿಧಾನದಿಂದ ಅಪ್ಪಣೆಯಾಯಿತು. ಇಂತಹವರ ವಿಷಯವನ್ನೇ ಹೇಳಬೇಕೆಂಬ ನಿರ್ಬಂಧವಿರಲಿಲ್ಲ. ನಮ್ಮ ನಾಡಿನ ಗವಾಯಿಗಳಲ್ಲಿ ಯಾರನ್ನಾದರೂ ಆರಿಸಿಕೊಂಡಿದ್ದರೆ ನಿಮಗೂ ಸಂತೋಷವಾಗುತ್ತಿತ್ತು, ನನಗೂ ಸುಲಭವಾಗುತ್ತಿತ್ತು. ಆದರೆ ನಾನು ಆರಿಸಿಕೊಂಡವರು ಅಮೇರಿಕಾ ದೇಶದ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಗೀತದ ಪ್ರಾಧ್ಯಾಪಕರಾಗಿದ್ದ ಜಾನ್ ಹಿಗಿನ್ಸ್ ಎಂಬವರು. ದಕ್ಷಿಣದೇಶದ ಸಂಗೀತರಸಿಕರು ಅವರನ್ನು ಹಿಗಿನ್ಸ್ ಭಾಗವತರೆಂದು ಕರೆದರು. ಇವರನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಾನು ಅವರಿಗೆ ಒಂದು ಋಣವನ್ನು ತೀರಿಸಬೇಕಾಗಿದೆ. ಅವರು ನನ್ನನ್ನು ಕಂಡವರಲ್ಲ, ನಾನು ಅವರನ್ನು ಕಂಡವನಲ್ಲ. ಆದರೂ ಅದು ಋಣವೇ.

ಸುಮಾರು ಐವತ್ತು ವರ್ಷಗಳ ಕೆಳಗಿನ ಮಾತು. ನಾನು ಆಗ ಸಂಗೀತಾಭ್ಯಾಸದಲ್ಲಿದ್ದ ಯುವಕ. ಒಂದು ಸಾಯಂಕಾಲ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ಒಳಗಿನ ಕೋಣೆಯಲ್ಲಿ ಗ್ರಾಮಫೋನು ಹಾಡುತ್ತಿತ್ತು. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಎಂಬ ಪದ, ಯಮುನಾಕಲ್ಯಾಣಿ ರಾಗ. ಕಂಠವು ಗಂಭೀರವಾಗಿತ್ತು, ನಡೆಯಲ್ಲಿ ಆತುರವಿರಲಿಲ್ಲ, ಶುದ್ಧಮಧ್ಯಮವು ಬಂದೂ ಬಾರದಂತೆ ಸುಳಿದುಹೋಗುತ್ತಿತ್ತು. ಮದರಾಸಿನ ಯಾರೋ ಹಿರಿಯ ವಿದ್ವಾಂಸರಿರಬೇಕೆಂದು ನಾನು ಕಣ್ಣುಮುಚ್ಚಿ ಕುಳಿತು ತಲೆದೂಗಿದೆನು. ಹಾಡು ಮುಗಿಯಿತು. ಸ್ನೇಹಿತರು ನಗುತ್ತ ಗಾಯಕರ ಹೆಸರನ್ನು ಹೇಳಿ, ಮತ್ತೊಮ್ಮೆ ಅದೇ ತಟ್ಟೆಯನ್ನು ಹಚ್ಚಿದರು. ಎರಡನೆಯ ಸಲ ನನ್ನ ಕಿವಿಗೆ ದೋಷಗಳು ಕೇಳಿಸತೊಡಗಿದುವು. ಇಲ್ಲಿ ಉಚ್ಚಾರ ಬಿರುಸಾಯಿತು, ಅಲ್ಲಿ ಗಮಕ ಗಟ್ಟಿಯಾಯಿತು, ಎಷ್ಟಾದರೂ ಪರದೇಶದವನು ಎಂದು ಒಂದೊಂದಾಗಿ ಎತ್ತಿ ತೋರಿಸಿದೆನು. ತಟ್ಟೆ ಅದೇ, ಮುಳ್ಳು ಅದೇ, ನಾದವೂ ಅದೇ. ಬದಲಾದುದು ನನ್ನ ಕಿವಿ ಮಾತ್ರ. ಕುಲವನ್ನು ಕೇಳಬಾರದು, ನಡೆಯನ್ನು ನೋಡಬೇಕು ಎಂದು ಶರಣರು ಸಾರಿದುದನ್ನು ಅಂದು ಪ್ರಾತಃಕಾಲದಲ್ಲಿಯೂ ಓದಿಬಂದವನು ನಾನು. ಆ ಸಾಯಂಕಾಲವು ನೆನಪಾದಾಗಲೆಲ್ಲ ನಾಚಿಕೆಯಾಗುತ್ತದೆ. ಮುಂದೆ ಅವರ ಚರಿತ್ರೆಯನ್ನು ಸಂಗ್ರಹಿಸಲು ತೊಡಗಿದುದು ಈ ನಾಚಿಕೆಯ ಕಾರಣದಿಂದಲೇ.

ಜಾನ್ ಹಿಗಿನ್ಸ್ ಅವರು 1939ನೆಯ ಇಸವಿ ಸೆಪ್ಟೆಂಬರ್ 18ರಂದು ಅಮೇರಿಕಾದ ಮಸಾಚುಸೆಟ್ಸ್ ಸಂಸ್ಥಾನದ ಆಂಡೋವರ್ ಎಂಬ ಊರಿನಲ್ಲಿ ಜನಿಸಿದರು. ಬಾಸ್ಟನ್ ನಗರಕ್ಕೆ ಉತ್ತರದಲ್ಲಿರುವ ಈ ಊರಿನಲ್ಲಿ 1778ರಲ್ಲಿ ಸ್ಥಾಪಿತವಾದ ಫಿಲಿಪ್ಸ್ ಅಕಾಡೆಮಿ ಎಂಬ ಪುರಾತನ ವಿದ್ಯಾಶಾಲೆಯಿದೆ. ತಂದೆ ಇಂಗ್ಲಿಷ್ ಉಪಾಧ್ಯಾಯರು, ತಾಯಿ ಸಂಗೀತದ ಉಪಾಧ್ಯಾಯಿನಿ. ಮನೆಯೇ ಪಾಠಶಾಲೆಯೆಂದರೂ ಸಲ್ಲುವುದು. ಬಾಲ್ಯದಿಂದ ಅವರು ಕಲಿತದ್ದು ಪಾಶ್ಚಾತ್ಯ ಸಂಗೀತ. ಕಂಠವು ದೈವದತ್ತವಾಗಿ ಮಂದ್ರಗಂಭೀರವಾದುದು. ಶಾಲೆಯನ್ನು ಮುಗಿಸಿ ಕನೆಕ್ಟಿಕಟ್ ಸಂಸ್ಥಾನದ ಮಿಡ್ಲ್‌ಟೌನ್ ಎಂಬ ಊರಿನ ವೆಸ್ಲಿಯನ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದು 1831ರಲ್ಲಿ ಕ್ರೈಸ್ತರ ಮೆಥಡಿಸ್ಟ್ ಪಂಥದವರು ಸ್ಥಾಪಿಸಿದ ವಿದ್ಯಾಸಂಸ್ಥೆ. ಹಿಗಿನ್ಸ್ ಅಲ್ಲಿ ಸಂಗೀತ, ಇತಿಹಾಸಗಳೆರಡನ್ನೂ ಓದಿ 1962ರಲ್ಲಿ ಪದವೀಧರರಾದರು.

ಆ ಕಾಲದ ಅಮೇರಿಕಾದ ಸಂಗೀತಪಂಡಿತರಲ್ಲಿ ಒಂದು ಹೊಸ ವಿಚಾರವು ಹುಟ್ಟಿಕೊಂಡಿತ್ತು. ಅದುವರೆಗೆ ಅವರು ಪರದೇಶದ ಸಂಗೀತವನ್ನು ಪರೀಕ್ಷಿಸುತ್ತಿದ್ದುದು ಸಸ್ಯಶಾಸ್ತ್ರಜ್ಞನು ಒಣಗಿದ ಎಲೆಯನ್ನು ಪರೀಕ್ಷಿಸುವಂತೆ. ಧ್ವನಿಮುದ್ರಿಕೆಯನ್ನು ತರುವುದು, ಸ್ವರಗಳನ್ನು ಅಳೆಯುವುದು, ಪ್ರಬಂಧವನ್ನು ಬರೆಯುವುದು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮ್ಯಾಂಟಲ್ ಹುಡ್ ಎಂಬ ಪ್ರಾಧ್ಯಾಪಕರು, ಹಾಗಲ್ಲ, ಆ ಸಂಗೀತವನ್ನು ತಾನೇ ಹಾಡಿ ನುಡಿಸಿ ಕಲಿತಹೊರತು ಅದರ ವಿಷಯವಾಗಿ ಬರೆಯುವ ಅಧಿಕಾರವು ಬಾರದು ಎಂದರು. ಎರಡು ಭಾಷೆಗಳನ್ನು ಬಲ್ಲವನಿರುವಂತೆ ಎರಡು ಸಂಗೀತಗಳನ್ನು ಬಲ್ಲವನೂ ಇರಬೇಕೆಂದು 1960ರಲ್ಲಿ ಬರೆದರು. ಅವರ ಶಿಷ್ಯರಾದ ರಾಬರ್ಟ್ ಬ್ರೌನ್ ಎಂಬವರು ನಮ್ಮ ಮೃದಂಗವನ್ನೇ ತಮ್ಮ ಪ್ರಬಂಧಕ್ಕೆ ವಿಷಯವಾಗಿ ತೆಗೆದುಕೊಂಡು ಆ ವಾದ್ಯವನ್ನು ಕಲಿತವರು. ಅವರು ವೆಸ್ಲಿಯನ್ನಿಗೆ ಅಧ್ಯಾಪಕರಾಗಿ ಬಂದು, 1963ರಲ್ಲಿ ಮದರಾಸಿನ ಮೃದಂಗ ವಿದ್ವಾನ್ ಟಿ. ರಂಗನಾಥನ್ ಅವರನ್ನು ಅಲ್ಲಿಗೆ ಕರೆಸಿದರು. ರಂಗನಾಥನ್ ಅವರು ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಶಿಷ್ಯರು. ಹಿಮ ಸುರಿಯುವ ಆ ಊರಿನಲ್ಲಿ ಮೃದಂಗದ ಚಾಪು ಕೇಳಿಸಿತು. ಯುವಕ ಹಿಗಿನ್ಸ್ ಅದಕ್ಕೆ ಸೋತರು. 1964ರಲ್ಲಿ ಎಂ.ಎ. ಪದವಿಯು ದೊರೆಯಿತು. ಪಾಶ್ಚಾತ್ಯ ಗಾಯಕನಾಗಿ ಜೀವಿಸಲು ಬೇಕಾದ ಕಂಠವೂ ಶಿಕ್ಷಣವೂ ಇದ್ದಾಗ ಅದನ್ನೆಲ್ಲ ಬದಿಗಿರಿಸಿ, ಶಾಲೆಯ ಮಗುವಿನಂತೆ ಸರಳೆಯಿಂದ ಆರಂಭಿಸಲು ಅವರು ಒಪ್ಪಿದರು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಮುಂದಿನ ಸಾಲಿನ ಬಾಲಕರು ಕಿವಿಗೊಟ್ಟು ಕೇಳಬೇಕೆಂದು ನನ್ನ ಪ್ರಾರ್ಥನೆ. ಪಾಶ್ಚಾತ್ಯ ಪದ್ಧತಿಯಲ್ಲಿ ಶಿಕ್ಷಿತವಾದ ಕಂಠವು ಪ್ರತಿಯೊಂದು ಸ್ವರದ ಮೇಲೆಯೂ ನೇರವಾಗಿ ಇಳಿದು, ಅಲ್ಲಿ ನಿಂತು, ತುಂಬಿ ಮೊಳಗಬೇಕು. ಸ್ವರವೊಂದು ಮೆಟ್ಟಿಲು, ಕಾಲು ಅದರ ಮಧ್ಯದಲ್ಲಿಯೇ ಬೀಳಬೇಕು. ನಮ್ಮ ತೋಡಿಯ ಗಾಂಧಾರವನ್ನು ತೆಗೆದುಕೊಳ್ಳಿ. ಅದಕ್ಕೆ ನಿಲ್ಲುವ ಸ್ಥಳವೇ ಇಲ್ಲ. ರಿಷಭದ ಕಡೆಗೂ ಮಧ್ಯಮದ ಕಡೆಗೂ ಉಯ್ಯಾಲೆಯಂತೆ ತೂಗುತ್ತಿರುವುದೇ ಅದರ ಜೀವ. ತೂಗುವುದನ್ನು ನಿಲ್ಲಿಸಿದರೆ ಗಾಂಧಾರವುಳಿದೀತು, ತೋಡಿಯು ಹೋದೀತು. ಅಲ್ಲದೆ ಅವರ ಸಂಗೀತದಲ್ಲಿ ಹಲವು ಸ್ವರಗಳು ಏಕಕಾಲದಲ್ಲಿ ಕೂಡಿ ನುಡಿದು ಒಂದನ್ನೊಂದು ಎತ್ತಿಹಿಡಿಯುತ್ತವೆ. ನಮ್ಮಲ್ಲಿ ತಂಬೂರಿಯ ಷಡ್ಜಪಂಚಮಗಳ ಮುಂದೆ ಗಾಯಕನು ಒಬ್ಬಂಟಿಗ. ಪುಸ್ತಕದಲ್ಲಿ ಸ್ವರಲಿಪಿಯನ್ನು ನೋಡಿ ಹಾಡುವುದೇ ಅವರ ಅಭ್ಯಾಸ. ಇಲ್ಲಿಯ ಪುಸ್ತಕವು ಗುರುವಿನ ಮುಖ.

ಇನ್ನು ಅಕ್ಷರದ ಕಷ್ಟ. ಇಂಗ್ಲಿಷ್ ಮಾತನಾಡುವವರ ನಾಲಗೆಯು ನಮ್ಮ ತಕಾರ ಟಕಾರಗಳೆರಡರ ನಡುವೆ ಎಲ್ಲಿಯೋ ತಗಲುತ್ತದೆ. ಹಲ್ಲಿಗೂ ಸೇರದು, ಮೂರ್ಧಕ್ಕೂ ಏರದು. ಣಕಾರ ಳಕಾರಗಳು ಅವರಿಗೆ ಹೊಸವು. ತೆಲುಗು, ತಮಿಳು, ಸಂಸ್ಕೃತ, ಕನ್ನಡ ಎಂಬ ನಾಲ್ಕು ಭಾಷೆಗಳ ಸಾಹಿತ್ಯವನ್ನು ಅಂತಹ ನಾಲಗೆಯಿಂದ ಹಾಡುವುದೆಂದರೆ, ಇಪ್ಪತ್ತೈದು ವರ್ಷ ನಡೆದ ಕಾಲಿಗೆ ನಡಿಗೆಯನ್ನು ಹೊಸದಾಗಿ ಕಲಿಸಿದಂತೆ. ನಮ್ಮ ಹುಡುಗರಿಗೆ ತಾಯಿಯ ಹಾಲಿನೊಡನೆ ಬಂದ ಳಕಾರವನ್ನು ಅವರು ಬೆವರು ಸುರಿಸಿ ಸಂಪಾದಿಸಿದರು. ನಮ್ಮವರಲ್ಲಿ ಎಷ್ಟೋ ಮಂದಿ ಇಂದು ಅದನ್ನು ಲಕಾರವಾಗಿ ನುಡಿದು ಕಳೆಯುತ್ತಿದ್ದಾರೆ. ಅದು ಬೇರೆಯ ಮಾತು.

ಫುಲ್‌ಬ್ರೈಟ್ ವಿದ್ಯಾರ್ಥಿವೇತನವನ್ನು ಪಡೆದು ಹಿಗಿನ್ಸ್ ಮದರಾಸಿಗೆ ಬಂದರು. ಅಲ್ಲಿ ರಂಗನಾಥನ್ ಅವರ ತಮ್ಮಂದಿರಾದ ಟಿ. ವಿಶ್ವನಾಥನ್ ಅವರಲ್ಲಿ ಶಿಷ್ಯರಾದರು. ವಿಶ್ವನಾಥನ್ ಅವರು ತಿರುಪ್ಪಾಂಬುರಂ ಸ್ವಾಮಿನಾಥ ಪಿಳ್ಳೆಯವರ ಶಿಷ್ಯರು. ವೇಣುವಾದನದಲ್ಲಿ ಪ್ರಸಿದ್ಧರು, ಗಾಯನದಲ್ಲಿಯೂ ನಿಪುಣರು. ಕೊಳಲನ್ನು ತುಟಿಯಿಂದ ಇಳಿಸಿ ಅದೇ ಉಸಿರಿನಲ್ಲಿ ಹಾಡುವುದು ಅವರ ಪದ್ಧತಿಯಾಗಿತ್ತು. ಈ ಅಣ್ಣತಮ್ಮಂದಿರ ಅಕ್ಕನೇ ಭರತನಾಟ್ಯದ ಮಹಾವಿದುಷಿ ಬಾಲಸರಸ್ವತಿ. ಇವರೆಲ್ಲರೂ ವೀಣೆ ಧನಮ್ಮಾಳ್ ಅವರ ಮೊಮ್ಮಕ್ಕಳು, ಜಯಮ್ಮಾಳ್ ಅವರ ಮಕ್ಕಳು.

ಈ ಮನೆತನದ ವಿಷಯವಾಗಿ ಸಭೆಯಲ್ಲಿ ಸಂಕೋಚಪಡದೆ ಒಂದು ಮಾತನ್ನು ಹೇಳಬೇಕಾಗಿದೆ. ಅದು ದೇವದಾಸಿಯರ ಮನೆತನ. ತಲೆಮಾರುಗಳಿಂದ ಸಂಗೀತನೃತ್ಯಗಳನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದ ಆ ಕುಲವನ್ನು, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮರ್ಯಾದಸ್ಥರೆನಿಸಿಕೊಂಡವರು ಹೊರಗಿಟ್ಟರು. ಆ ಪದ್ಧತಿಯಲ್ಲಿ ಸೇರಿಕೊಂಡಿದ್ದ ಅನ್ಯಾಯವು ಅಳಿಯಬೇಕಾಗಿದ್ದುದು ನಿಜವೇ. 1947ರಲ್ಲಿ ಮದರಾಸು ಸರ್ಕಾರವು ಅದನ್ನು ಕಾನೂನಿನಿಂದ ನಿಷೇಧಿಸಿತು. ಆದರೆ ಅನ್ಯಾಯವನ್ನು ಅಳಿಸಲು ಹೊರಟವರಲ್ಲಿ ಹಲವರು ಆ ಹೆಂಗಸರ ವಿದ್ಯೆಯನ್ನು ಮಾತ್ರ ತೆಗೆದುಕೊಂಡು ಅವರನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಇಂತಹ ಮನೆಯ ಹೊಸ್ತಿಲಲ್ಲಿ ಪರದೇಶದ ಯುವಕನೊಬ್ಬನು ಬಂದು ಕೈಮುಗಿದು ವಿದ್ಯೆಯನ್ನು ಬೇಡಿದನು. ಒಬ್ಬನು ಹುಟ್ಟಿನಿಂದ ಹೊರಗಿನವನು. ಇನ್ನೊಬ್ಬರನ್ನು ಹುಟ್ಟಿನ ಕಾರಣದಿಂದ ಒಳಗಿನವರೇ ಹೊರಗಿನವರನ್ನಾಗಿ ಮಾಡಿದ್ದರು. ಕೊಡುವವರು ಕುಲವನ್ನು ಕೇಳಲಿಲ್ಲ, ಬೇಡುವವನೂ ಕೇಳಲಿಲ್ಲ.

ಆ ಮನೆಯ ಪಾಠವು ನಿಧಾನದ ಪಾಠ. ಕ್ಷೇತ್ರಯ್ಯನ ತೆಲುಗು ಪದಗಳು ಅವರ ಮನೆಯ ಒಡವೆ. ಅತಿವಿಳಂಬದಲ್ಲಿ, ಒಂದು ಅಕ್ಷರದಿಂದ ಇನ್ನೊಂದು ಅಕ್ಷರಕ್ಕೆ ಹೋಗುವ ದಾರಿಯಲ್ಲಿ ರಾಗವೆಲ್ಲ ಬಂದುಹೋಗುವಂತೆ ಅವನ್ನು ಹಾಡಬೇಕು. ವೇಗದಲ್ಲಿ ತಪ್ಪನ್ನು ಮರೆಮಾಡಬಹುದು, ವಿಳಂಬದಲ್ಲಿ ಮರೆಯಿಲ್ಲ. ಹಿಗಿನ್ಸ್ ಅವರ ಗಾಯನವನ್ನು ಕೇಳಿದವರು ಮೊದಲು ಹೇಳುವುದು ಅವರ ನೆಮ್ಮದಿಯನ್ನು. ಆ ನೆಮ್ಮದಿಯು ಅಮೇರಿಕಾದಿಂದ ಬಂದುದಲ್ಲ, ಧನಮ್ಮಾಳ್ ಅವರ ಮನೆಯಿಂದ ಬಂದುದು. ಸ್ವರಕಲ್ಪನೆಯ ಭರಾಟೆಯಲ್ಲಿ ನಮ್ಮ ಹಿರಿಯ ವಿದ್ವಾಂಸರ ಸಮಕ್ಕೆ ಅವರು ನಿಂತರೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಅದೂ ಒಂದು ಬಗೆಯ ದಾಕ್ಷಿಣ್ಯವಾದೀತು. ವಿಳಂಬದ ಕೃತಿಯಲ್ಲಿ, ಪದದಲ್ಲಿ, ಸಾಹಿತ್ಯದ ಅರ್ಥವರಿತು ಉಸಿರನ್ನು ಹಂಚುವುದರಲ್ಲಿ, ಅವರಿಗೆ ಸಮರಾದವರು ವಿರಳ.

ಶಿಷ್ಯರಾದ ಸ್ವಲ್ಪ ಕಾಲದಲ್ಲಿಯೇ ಅವರು ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿದರು. 1847ರಲ್ಲಿ ಸಮಾಧಿಸ್ಥರಾದ ಆ ಮಹಾನುಭಾವರ ಸನ್ನಿಧಿಯಲ್ಲಿ ಪುಷ್ಯ ಬಹುಳ ಪಂಚಮಿಯ ದಿನ ಹಾಡುವುದೆಂದರೆ ದಕ್ಷಿಣದೇಶದ ಗಾಯಕರಿಗೆ ದೀಕ್ಷೆಯಿದ್ದಂತೆ. ಕಾವೇರಿಯ ತೀರದ ಆ ಸ್ಥಳಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ಪಾಳುಬಿದ್ದಿದ್ದ ಸಮಾಧಿಯ ಮೇಲೆ ತಮ್ಮ ಸ್ವಂತ ದ್ರವ್ಯದಿಂದ ಗುಡಿಯನ್ನು ಕಟ್ಟಿಸಿ 1925ರಲ್ಲಿ ಪ್ರತಿಷ್ಠೆ ಮಾಡಿಸಿದವರು ಬೆಂಗಳೂರು ನಾಗರತ್ನಮ್ಮನವರು. ನಂಜನಗೂಡಿನಲ್ಲಿ ಹುಟ್ಟಿದವರು, ಅವರೂ ದೇವದಾಸೀಕುಲದವರೇ. ಗುಡಿ ಕಟ್ಟಿಸಿದ ಆ ತಾಯಿಗೇ ಆರಾಧನೆಯಲ್ಲಿ ಹಾಡುವ ಅವಕಾಶವನ್ನು ಬಹುಕಾಲ ಕೊಡದಿದ್ದರು, ಹೆಂಗಸೆಂಬ ಕಾರಣಕ್ಕೆ. ಅವರು ಬಿಡದೆ ಹೋರಾಡಿ ಆ ಹಕ್ಕನ್ನು ಪಡೆದರು. ನಾಗರತ್ನಮ್ಮನವರು 1952ರಲ್ಲಿ ತೀರಿಕೊಂಡರು. ಹಿಗಿನ್ಸ್ ಅವರು ಬಂದು ಕುಳಿತುದು, ಒಮ್ಮೆ ಹೀಗೆ ತೆರೆಯಬೇಕಾಗಿಬಂದ ಬಾಗಿಲಿನೊಳಗೆ.

ಅಲ್ಲಿಂದ ಮುಂದೆ ಅವರ ಕೀರ್ತಿಯು ಹಬ್ಬಿತು. ಸಭೆಗಳಲ್ಲಿ ಕಚೇರಿಗಳಾದುವು, ಧ್ವನಿಮುದ್ರಿಕೆಗಳು ಬಂದುವು, 'ಭಾಗವತರ್' ಎಂಬ ಗೌರವನಾಮವು ಹೆಸರಿಗೆ ಅಂಟಿಕೊಂಡಿತು. ಕೀರ್ತಿಯಲ್ಲಿಯೂ ಒಂದು ಮುಳ್ಳುಂಟು. ಗಿಳಿಯು ರಾಮನಾಮವನ್ನು ನುಡಿದರೆ ಜನರು ಬೆರಗಾಗಿ ಹಣ್ಣು ಕೊಡುತ್ತಾರೆ. ಗಿಳಿಗೆ ರಾಮನು ಬೇಕಾಗಿದ್ದಾನೆಯೇ ಎಂದು ಕೇಳುವವರಿಲ್ಲ. ಬಿಳಿಯ ಮನುಷ್ಯನು ಪಂಚೆಯುಟ್ಟು ಕುಳಿತು ಎಂದರೋ ಮಹಾನುಭಾವುಲು ಕೃತಿಯನ್ನು ಹಾಡಿದಾಗ ಚಪ್ಪಾಳೆ ತಟ್ಟಿದವರಲ್ಲಿ ಹಲವರದು ಅದೇ ಬಗೆಯ ಬೆರಗು. ನಾನು ಆ ಸಾಯಂಕಾಲ ಮಾಡಿದುದು ತಿರಸ್ಕಾರ. ಇದು ಅತಿಶಯದ ಹೊಗಳಿಕೆ. ಎರಡರಲ್ಲಿಯೂ ಕೇಳುವವನು ಹಾಡನ್ನು ಬಿಟ್ಟು ಚರ್ಮವನ್ನು ನೋಡುತ್ತಿದ್ದಾನೆ. ಈ ಎರಡರ ನಡುವೆ ಇಪ್ಪತ್ತು ವರ್ಷ ಹಾಡುತ್ತ ಬರುವುದು ಸಾಮಾನ್ಯ ತಪಸ್ಸಲ್ಲ. ತಾನೊಂದು ಸೋಜಿಗವೆಂಬುದನ್ನೇ ಬಂಡವಾಳ ಮಾಡಿಕೊಂಡು ಬದುಕುವ ದಾರಿಯೂ ಅವರಿಗೆ ತೆರೆದಿತ್ತು. ಅವರು ಹೋದುದು ಪಾಠಕ್ಕೆ, ಹಿಂದಿರುಗಿ ಗುರುಗಳ ಮನೆಗೆ.

ಈ ಸಲ ಗುರುಗಳು ಬಾಲಸರಸ್ವತಿಯವರು. 1918ರಲ್ಲಿ ಹುಟ್ಟಿದ ಆ ತಾಯಿ ನೃತ್ಯಕ್ಕಾಗಿ ಲೋಕವಿಖ್ಯಾತರಾದರೂ, ತಮ್ಮ ನೃತ್ಯದ ಮೂಲವೆಲ್ಲ ಸಂಗೀತದಲ್ಲಿಯೇ ಇದೆಯೆಂದು ನಂಬಿದವರು. ಅಭಿನಯಿಸುತ್ತ ತಾವೇ ಹಾಡುತ್ತಿದ್ದರು. ಅವರ ನಾಟ್ಯಗುರು ಕಂದಪ್ಪ ಪಿಳ್ಳೆಯವರು ತಂಜಾವೂರಿನ ನಾಲ್ವರು ಸಹೋದರರ ಮನೆತನದವರು. ಆ ನಾಲ್ವರಲ್ಲಿ ಹಿರಿಯನಾದ ಚಿನ್ನಯ್ಯನು ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದವನೆಂಬುದನ್ನು ಮೈಸೂರಿನವರು ಬಲ್ಲರು. ಈ ಪರಂಪರೆಯಲ್ಲಿ ಬಂದ ಜತಿಸ್ವರ, ವರ್ಣ, ಪದ, ಜಾವಳಿ, ತಿಲ್ಲಾನಗಳ ಸಂಗೀತವನ್ನು ಹಿಗಿನ್ಸ್ ಅವರು ಬಾಲಸರಸ್ವತಿಯವರಲ್ಲಿ ಕಲಿತು, ಭರತನಾಟ್ಯದ ಸಂಗೀತವನ್ನು ಕುರಿತು ಮಹಾಪ್ರಬಂಧವನ್ನು ರಚಿಸಿದರು. 1973ರಲ್ಲಿ ವೆಸ್ಲಿಯನ್ನಿನಿಂದ ಅದಕ್ಕೆ ಡಾಕ್ಟರ್ ಪದವಿಯು ಬಂದಿತು. ನಾಟ್ಯವನ್ನು ಕಣ್ಣಿನಿಂದ ನೋಡಿ ಬರೆದವರು ಬಹಳ; ಹಾಡಿ ಬರೆದವರು ಅಪೂರ್ವ.

ನಾನು ಗ್ರಾಮಫೋನಿನಲ್ಲಿ ಕೇಳಿದ ವ್ಯಾಸರಾಯರ ಪದವು ಈ ಮನೆಯದೇ. ಬಾಲಸರಸ್ವತಿಯವರ ಅಭಿನಯದಿಂದ ಅದು ಪ್ರಸಿದ್ಧವಾಯಿತು. ಸತ್ಯಜಿತ್ ರಾಯ್ ಅವರು 1976ರಲ್ಲಿ ತೆಗೆದ ಚಲಚ್ಚಿತ್ರದಲ್ಲಿ ಆ ತಾಯಿ ಕಡಲತೀರದಲ್ಲಿ ನಿಂತು ಅದನ್ನು ಅಭಿನಯಿಸುವುದನ್ನು ಈಗಲೂ ನೋಡಬಹುದು. ವಿಜಯನಗರದ ಕಾಲದ ಕನ್ನಡ ಯತಿಯೊಬ್ಬರ ನುಡಿಯು, ತಮಿಳುನಾಡಿನ ತಾಯಿಯ ಕೊರಳಿನಲ್ಲಿ ಉಳಿದು, ಅಲ್ಲಿಂದ ಅಮೇರಿಕಾದವರ ಕೊರಳಿಗೆ ಇಳಿದು, ತಿರುಗಿ ಕನ್ನಡಿಗನ ಮನೆಯ ಕೋಣೆಗೆ ಬಂದಿತು. ಬಂದಾಗ ಕನ್ನಡಿಗನು ಅದರ ಉಚ್ಚಾರದಲ್ಲಿ ತಪ್ಪು ಹುಡುಕುತ್ತ ಕುಳಿತಿದ್ದನು!

ಈ ಪದದೊಡನೆ ಒಂದು ಕಥೆಯೂ ಸಂಚರಿಸುತ್ತಿದೆ. ಹಿಗಿನ್ಸ್ ಅವರು ಉಡುಪಿಗೆ ಹೋದಾಗ ಪರದೇಶಿಯೆಂದು ಗುಡಿಯೊಳಗೆ ಬಿಡಲಿಲ್ಲವೆಂದೂ, ಅವರು ಹೊರಗೆ ನಿಂತು ಈ ಪದವನ್ನು ಹಾಡಲು ಬಾಗಿಲು ತೆರೆಯಿತೆಂದೂ ಜನರು ಹೇಳಿಕೊಳ್ಳುತ್ತಾರೆ. ಕನಕದಾಸರ ಕಥೆಯ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ನನಗೆ ಈ ಕಥೆಯಲ್ಲಿ ಅಷ್ಟೊಂದು ರುಚಿಯಿಲ್ಲ. ಒಂದು ಹಾಡಿಗೆ ಒಂದು ಬಾಗಿಲು ತೆರೆಯಿತೆಂದರೆ ಕೇಳುವವರಿಗೆ ಕಣ್ಣೀರು ಬರುತ್ತದೆ, ಬೇಗ ಸಮಾಧಾನವೂ ಆಗುತ್ತದೆ. ಆ ಹಾಡನ್ನು ಹಾಡುವಂತಾಗಲು ಎಷ್ಟು ವರ್ಷ, ಎಷ್ಟು ಸಾವಿರ ಸಲ ಒಂದೇ ಸಂಗತಿಯನ್ನು ತಿದ್ದಿಸಿಕೊಂಡರು ಎಂಬುದನ್ನು ಯಾರೂ ಕಥೆ ಮಾಡಿ ಹೇಳುವುದಿಲ್ಲ. ಪವಾಡಕ್ಕಿಂತ ಪಾಠವು ದೊಡ್ಡದೆಂದು ಪಾಠಶಾಲೆಯ ಉಪಾಧ್ಯಾಯನಾದ ನನಗೆ ತೋರುವುದು ಸಹಜವೇ, ಪೂಜ್ಯರು ಕ್ಷಮಿಸಬೇಕು.

ಇನ್ನು ಅವರ ಅಧ್ಯಾಪಕವೃತ್ತಿ. 1971ರಲ್ಲಿ ಅವರು ಕೆನಡಾ ದೇಶದ ಟೊರಾಂಟೋ ನಗರದ ಯಾರ್ಕ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಮೃದಂಗ ವಿದ್ವಾನ್ ತಿರುಚ್ಚಿ ಶಂಕರನ್ ಅವರೊಡನೆ ಭಾರತೀಯ ಸಂಗೀತದ ವಿಭಾಗವನ್ನು ಸ್ಥಾಪಿಸಿದರು. ಶಂಕರನ್ ಅವರೂ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರ ಶಿಷ್ಯರೇ. ಹೀಗೆ ಪಳನಿಯವರ ಶಿಷ್ಯರೊಬ್ಬರು ಅವರಿಗೆ ಬಾಗಿಲನ್ನು ತೋರಿಸಿದರೆ, ಇನ್ನೊಬ್ಬರು ಅವರು ತೆರೆದ ಮನೆಯಲ್ಲಿ ಜೊತೆಗಾರರಾದರು. ವಿಶ್ವವಿದ್ಯಾನಿಲಯದಲ್ಲಿ ನಮ್ಮ ಸಂಗೀತವನ್ನು ಕಲಿಸುವುದು ಎಂತಹ ಇಕ್ಕಟ್ಟಿನ ಕೆಲಸವೆಂಬುದನ್ನು ಕಲಿಸಿದವರೇ ಬಲ್ಲರು. ಗುರುವಿನ ಮನೆಯಲ್ಲಿ ಗಡಿಯಾರವಿಲ್ಲ. ವಿಶ್ವವಿದ್ಯಾನಿಲಯದಲ್ಲಿ ಗಂಟೆ ಹೊಡೆಯುತ್ತದೆ. ಗುರುವು ಶಿಷ್ಯನನ್ನು ಒಂದು ವರ್ಣದಲ್ಲಿ ಎರಡು ವರ್ಷ ನಿಲ್ಲಿಸಬಲ್ಲನು. ಪ್ರಾಧ್ಯಾಪಕನು ಅವಧಿಯ ಕೊನೆಗೆ ಪರೀಕ್ಷೆ ಮಾಡಿ ಅಂಕಗಳನ್ನು ಕೊಡಬೇಕು. ಬರುವವರಲ್ಲಿ ಹೆಚ್ಚಿನವರು ಕುತೂಹಲದಿಂದ ಬಂದು, ಒಂದೆರಡು ಅವಧಿ ಕಲಿತು, ಬೇರೆ ವಿದ್ಯೆಗೆ ಹೋಗುವವರು. ಅವರಿಗೆಲ್ಲ ಷಡ್ಜಪಂಚಮಗಳ ಪಾಠವನ್ನು ಮೊದಲಿನಿಂದ ಹೇಳುತ್ತ, ತನ್ನ ಸಾಧನೆಯನ್ನೂ ಆರದಂತೆ ಕಾಪಾಡಿಕೊಳ್ಳಬೇಕು. ಹಿಗಿನ್ಸ್ ಅವರಿಗಿದ್ದ ಅನುಕೂಲವೊಂದೇ. ತಾವೂ ಅದೇ ಬೆಂಚಿನಲ್ಲಿ ಕುಳಿತು, ಅದೇ ನಾಲಗೆಯಿಂದ, ಅದೇ ತಪ್ಪುಗಳನ್ನು ಮಾಡಿ ಬಂದವರು. ಶಿಷ್ಯನ ಗಾಂಧಾರವು ಏಕೆ ನಿಂತುಬಿಡುತ್ತದೆ ಎಂಬುದನ್ನು ತೋಡಿಯಲ್ಲಿಯೇ ಹುಟ್ಟಿಬೆಳೆದ ವಿದ್ವಾಂಸನು ಅರಿಯಲಾರನು. ಕಷ್ಟಪಟ್ಟು ದಾಟಿದವನು ಅರಿಯುವನು.

1978ರಲ್ಲಿ ಅವರು ತಾವು ಓದಿದ ವೆಸ್ಲಿಯನ್ನಿಗೇ ಸಂಗೀತದ ಪ್ರಾಧ್ಯಾಪಕರಾಗಿ ಹಿಂದಿರುಗಿದರು. 1973ರಲ್ಲಿ ಅಲ್ಲಿ ತೆರೆದಿದ್ದ ಕಲಾಕೇಂದ್ರದ ನಿರ್ದೇಶಕತ್ವವೂ ಅವರ ಹೆಗಲೇರಿತು. ಈ ವೇಳೆಗೆ ಗುರುಗಳಾದ ವಿಶ್ವನಾಥನ್ ಅವರೂ ಅಲ್ಲಿಯೇ ಅಧ್ಯಾಪಕರಾಗಿ ನೆಲೆಸಿದ್ದರು. ಇಲ್ಲಿಯೊಂದು ವಿನೋದವಿದೆ. ವಿಶ್ವನಾಥನ್ ಅವರು ರಾಗಾಲಾಪನೆಯನ್ನು ಕುರಿತು ಪ್ರಬಂಧವನ್ನು ಬರೆದು ಅದೇ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿಯನ್ನು ಪಡೆದುದು 1975ರಲ್ಲಿ, ಅಂದರೆ ಶಿಷ್ಯನಿಗೆ ದೊರೆತ ಎರಡು ವರ್ಷಗಳ ಮೇಲೆ. ಕಾಗದದ ಲೆಕ್ಕದಲ್ಲಿ ಶಿಷ್ಯನೇ ಹಿರಿಯ! ಗುರುವೂ ಶಿಷ್ಯನೂ ಒಂದೇ ಸೂರಿನ ಕೆಳಗೆ ಸಹೋದ್ಯೋಗಿಗಳಾಗಿರುವುದು ನಮ್ಮ ಕಡೆಯಲ್ಲಿ ಬಹಳ ಸೂಕ್ಷ್ಮದ ಸಂಗತಿ. ಪೀಠಗಳ ಎತ್ತರವನ್ನು ಅಳೆಯುವುದರಲ್ಲಿಯೇ ಸಂವತ್ಸರಗಳು ಕಳೆದುಹೋಗುತ್ತವೆ. ಮಿಡ್ಲ್‌ಟೌನಿನಲ್ಲಿ ಆ ಕಾಲದಿಂದ ನವರಾತ್ರಿಯ ಸಂಗೀತೋತ್ಸವವೊಂದು ಬೆಳೆದು, ವರ್ಷವರ್ಷವೂ ನಡೆದುಬಂದಿತು.

ನಿರ್ದೇಶಕತ್ವವೆಂದರೆ ಕಾಗದಪತ್ರ, ಹಣದ ಲೆಕ್ಕ, ಸಭೆ, ಸಮಿತಿ. ಒಳ್ಳೆಯ ಗಾಯಕನನ್ನು ಹಿಡಿದು ಆಡಳಿತಗಾರನನ್ನಾಗಿ ಮಾಡುವ ಅಭ್ಯಾಸವು ಆ ದೇಶದಲ್ಲಿಯೂ ಇದೆಯೆಂದು ಕಾಣುತ್ತದೆ. ಆದರೂ ಅವರು ಹಾಡುವುದನ್ನು ಬಿಡಲಿಲ್ಲ. ಭಾರತೀಯ ಅಧ್ಯಯನಗಳ ಅಮೇರಿಕನ್ ಸಂಸ್ಥೆಯ ಹಿರಿಯ ಸಂಶೋಧಕರಾಗಿ ನಮ್ಮ ದೇಶಕ್ಕೂ ಬಂದುಹೋದರು.

1984ನೆಯ ಇಸವಿಯು ಈ ಪರಂಪರೆಗೆ ಕೇಡಿನ ವರ್ಷವಾಯಿತು. ಫೆಬ್ರುವರಿಯಲ್ಲಿ ಬಾಲಸರಸ್ವತಿಯವರು ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 7ರಂದು ಹಿಗಿನ್ಸ್ ಅವರು ಮಿಡ್ಲ್‌ಟೌನಿನಲ್ಲಿ ತಮ್ಮ ನಾಯಿಯನ್ನು ಕರೆದುಕೊಂಡು ರಸ್ತೆಯ ಬದಿಯಲ್ಲಿ ನಡೆದುಹೋಗುತ್ತಿದ್ದಾಗ, ಮದ್ಯಪಾನ ಮಾಡಿದ್ದವನೊಬ್ಬನ ಮೋಟಾರು ಬಂದು ಹೊಡೆಯಿತು. ಹೊಡೆದವನು ನಿಲ್ಲದೆ ಹೊರಟುಹೋದನು. ಹಿಗಿನ್ಸ್ ಅವರ ಪ್ರಾಣವು ಹೋಯಿತು. ಅವರಿಗೆ ಆಗ ನಾಲ್ವತ್ತೈದು ವರ್ಷ. ನಮ್ಮ ಸಂಗೀತದಲ್ಲಿ ನಾಲ್ವತ್ತೈದು ಎಂದರೆ ಕಂಠವು ಪಕ್ವವಾಗಿ, ಕಲಿತದ್ದೆಲ್ಲ ಒಳಗಿಳಿದು, ಗಾಯಕನು ತನ್ನದೆಂಬ ಮಾತನ್ನು ಆಡಲು ತೊಡಗುವ ವಯಸ್ಸು. ಇದಕ್ಕಿಂತ ಹೆಚ್ಚಾಗಿ ಆ ದಿನದ ವಿಷಯವನ್ನು ವಿಸ್ತರಿಸಲು ನನಗೆ ಮನಸ್ಸಿಲ್ಲ.

ಅವರ ಮಹಾಪ್ರಬಂಧವು ಗ್ರಂಥರೂಪದಲ್ಲಿ ಪ್ರಕಟವಾದುದು 1993ರಲ್ಲಿ, ಅವರು ಹೋದ ಒಂಬತ್ತು ವರ್ಷಗಳ ಮೇಲೆ. ರಂಗನಾಥನ್ ಅವರು 1987ರಲ್ಲಿ ತೀರಿಕೊಂಡರು. ವಿಶ್ವನಾಥನ್ ಅವರು 2002ರಲ್ಲಿ ದೇಹವನ್ನು ಬಿಡುವವರೆಗೂ ವೆಸ್ಲಿಯನ್ನಿನಲ್ಲಿ ಪಾಠ ಹೇಳಿದರು. ಶಿಷ್ಯನು ಇಲ್ಲದ ಆ ಹದಿನೆಂಟು ವರ್ಷಗಳೂ ಅಲ್ಲಿಯ ಮಕ್ಕಳ ಸ್ವರವನ್ನು ತಿದ್ದುತ್ತಿದ್ದರು. ತಿರುಚ್ಚಿ ಶಂಕರನ್ ಅವರು ಟೊರಾಂಟೋದಲ್ಲಿ ಆ ವಿಭಾಗವನ್ನು ದಶಕಗಳ ಕಾಲ ಬೆಳೆಸಿದರು.

ಆ ಸ್ನೇಹಿತರು ಈಗಿಲ್ಲ. ಅವರು ಹೋಗುವ ಮೊದಲು ಆ ತಟ್ಟೆಯನ್ನು ನನಗೆ ಕೊಟ್ಟರು. ನಗುತ್ತಲೇ ಕೊಟ್ಟರು, ಏಕೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಇಂದು ಇಲ್ಲಿಗೆ ತಂದಿದ್ದೇನೆ. ಅಂಚಿನಲ್ಲಿ ಸ್ವಲ್ಪ ಸವೆದಿರುವುದರಿಂದ ಮೊದಲಲ್ಲಿ ಒಂದೆರಡು ಕ್ಷಣ ಕರಕರ ಶಬ್ದವಾಗುವುದು, ಆಮೇಲೆ ತಿಳಿಯಾಗುವುದು. ಪಾಠಶಾಲೆಯ ಬಾಲಕರು ಈ ಪದವನ್ನು ಕಳೆದ ತಿಂಗಳಿಂದ ಅಭ್ಯಾಸ ಮಾಡುತ್ತಿದ್ದಾರೆ. ಪಲ್ಲವಿಯ ಮೂರನೆಯ ಸಂಗತಿಯಲ್ಲಿ ನೀವು ಪ್ರತಿದಿನ ಓಡುತ್ತೀರಲ್ಲ, ಅಲ್ಲಿ ಇವರು ಏನು ಮಾಡುತ್ತಾರೆಂಬುದನ್ನು ಗಮನಿಸಿರಿ. ಸನ್ನಿಧಾನದ ಅಪ್ಪಣೆಯಾದರೆ ಈಗಲೇ ಹಚ್ಚಿಸುತ್ತೇನೆ.